ಧ್ವನಿಯಿದ್ದು ಚಿತ್ರವಿಲ್ಲದ ವಿಡಿಯೊಗಳು: ಕಾರಣ ಮತ್ತು ಪರಿಹಾರ

ವಿಡಿಯೊ ಫೈಲೊಂದನ್ನು ತೆರೆದಾಗ ಮಾತು, ಹಾಡು, ವಾದ್ಯಗಳ ಧ್ವನಿ ಸ್ಪಷ್ಟವಾಗಿ ಕೇಳಿಬಂದರೂ ಪರದೆಯ ಮೇಲೆ ಕಪ್ಪು ಮಾತ್ರ ಕಾಣುವುದು ಇಂದು ಅನೇಕ ಮನೆಗಳಲ್ಲಿ ಎದುರಾಗುವ ತೊಂದರೆಯಾಗಿದೆ. ಪೂಜ್ಯರ ಪ್ರವಚನ, ಶಿವಾನುಭವ ಗೋಷ್ಠಿ, ಬಸವ ಜಯಂತಿಯ ಮೆರವಣಿಗೆ, ಮಕ್ಕಳ ಕಲ್ಯಾಣ ಮಹೋತ್ಸವ, ಲಿಂಗೈಕ್ಯರಾದ ಹಿರಿಯರು ಮೊಮ್ಮಕ್ಕಳೊಡನೆ ಆಡಿದ ನಾಲ್ಕು ಮಾತು, ಇಂತಹ ಚಿತ್ರೀಕರಣಗಳಲ್ಲಿ ಈ ತೊಂದರೆ ಕಂಡಾಗ ಸದ್ಭಕ್ತರಲ್ಲಿ ಹಲವರು ಫೈಲ್ ಕೆಟ್ಟುಹೋಗಿದೆಯೆಂದು ತೀರ್ಮಾನಿಸಿ ಅದನ್ನು ಅಳಿಸಿಬಿಡುತ್ತಾರೆ, ಸಿ.ಡಿ.ಯಾದರೆ ರದ್ದಿಗೆ ಹಾಕುತ್ತಾರೆ. ಆ ಕೆಲಸವನ್ನು ದಯವಿಟ್ಟು ಮಾಡಬಾರದು. ಧ್ವನಿ ಬರುತ್ತಿದೆ ಎಂಬುದೇ ಫೈಲ್ ಜೀವಂತವಾಗಿದೆ ಎಂಬುದಕ್ಕೆ ಸಾಕ್ಷಿ. ಹೆಚ್ಚಿನ ಸಂದರ್ಭಗಳಲ್ಲಿ ಚಿತ್ರವೂ ಅದರೊಳಗೆ ಸುರಕ್ಷಿತವಾಗಿಯೇ ಇರುತ್ತದೆ. ನೋಡುವ ಯಂತ್ರಕ್ಕೆ ಅದನ್ನು ಓದಲು ಬಾರದು, ಅಷ್ಟೆ.

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಈ ಸಮಸ್ಯೆ ಎದ್ದು ಕಾಣುವುದಕ್ಕೆ ಒಂದು ಕಾರಣವಿದೆ. 1898ರ ಪ್ಲೇಗಿನ ಬಳಿಕ ವೇಗವಾಗಿ ಬೆಳೆದ ಬಸವನಗುಡಿ, ಮಲ್ಲೇಶ್ವರಗಳಲ್ಲಿಯೂ ಚಾಮರಾಜಪೇಟೆಯಲ್ಲಿಯೂ ಮೂರು ನಾಲ್ಕು ತಲೆಮಾರು ಬಾಳಿದ ಮನೆಗಳು ಇನ್ನೂ ಇವೆ. ಇಂತಹ ಮನೆಯ ಬೀರುವನ್ನು ತೆರೆದರೆ ವಿ.ಎಚ್.ಎಸ್. ಕ್ಯಾಸೆಟ್, ವಿ.ಸಿ.ಡಿ., ಡಿ.ವಿ.ಡಿ., ಹಾರ್ಡ್ ಡಿಸ್ಕ್, ಮೆಮೊರಿ ಕಾರ್ಡ್ ಎಲ್ಲವೂ ಒಂದರ ಮೇಲೊಂದು ಸಿಗುತ್ತವೆ. ಪ್ರತಿಯೊಂದೂ ಅದರ ಕಾಲದ ಯಂತ್ರಕ್ಕೆ ಹೊಂದುವಂತೆ ತಯಾರಾದದ್ದು. ಅದೇ ಮನೆಯ ಮಕ್ಕಳು ಅಮೆರಿಕದಲ್ಲಿಯೋ ಆಸ್ಟ್ರೇಲಿಯದಲ್ಲಿಯೋ ನೆಲೆಸಿ ಹೊಸ ಫೋನಿನಲ್ಲಿ ತೆಗೆದ ವಿಡಿಯೊಗಳನ್ನು ಕಳುಹಿಸುತ್ತಾರೆ. ಇಲ್ಲಿನ ಹತ್ತು ವರ್ಷದ ಕಂಪ್ಯೂಟರಿನಲ್ಲಿ ಮೊಮ್ಮಗುವಿನ ಧ್ವನಿ ಕೇಳುತ್ತದೆ, ಮುಖ ಕಾಣುವುದಿಲ್ಲ. ಹಳೆಯದನ್ನು ಹೊಸ ಯಂತ್ರ ಓದದಿರುವುದು, ಹೊಸದನ್ನು ಹಳೆಯ ಯಂತ್ರ ಓದದಿರುವುದು, ಇವೆರಡೂ ಮೂಲತಃ ಒಂದೇ ತೊಂದರೆ.

ಫೈಲಿನ ಒಳರಚನೆ

ಎಂಪಿ4, ಎಂಕೆವಿ, ಎವಿಐ, ಎಂಒವಿ ಎಂದು ಫೈಲಿನ ಹೆಸರಿನ ಕೊನೆಯಲ್ಲಿ ಕಾಣುವ ಅಕ್ಷರಗಳು ಕೇವಲ ಪಾತ್ರೆಯ ಹೆಸರು. ಊಟದ ಕ್ಯಾರಿಯರನ್ನು ನೆನಪಿಗೆ ತಂದುಕೊಂಡರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಒಂದು ಡಬ್ಬಿಯಲ್ಲಿ ಅನ್ನ, ಇನ್ನೊಂದರಲ್ಲಿ ಸಾರು ಇರುವಂತೆ ಒಂದೇ ಫೈಲಿನೊಳಗೆ ಚಿತ್ರ ಬೇರೆಯಾಗಿ, ಧ್ವನಿ ಬೇರೆಯಾಗಿ ಇರುತ್ತವೆ. ಎರಡನ್ನೂ ಪ್ರತ್ಯೇಕ ವಿಧಾನಗಳಿಂದ ಕುಗ್ಗಿಸಿ ತುಂಬಲಾಗಿರುತ್ತದೆ. ಹೀಗೆ ಕುಗ್ಗಿಸುವ ಮತ್ತು ಮರಳಿ ಬಿಡಿಸುವ ವಿಧಾನಕ್ಕೆ ಕೋಡೆಕ್ ಎಂದು ಹೆಸರು. ನೋಡುವ ಯಂತ್ರಕ್ಕೆ ಧ್ವನಿಯ ಕೋಡೆಕ್ ತಿಳಿದಿದ್ದು ಚಿತ್ರದ ಕೋಡೆಕ್ ತಿಳಿಯದಿದ್ದರೆ ಒಂದು ಡಬ್ಬಿ ತೆರೆಯುತ್ತದೆ, ಇನ್ನೊಂದು ತೆರೆಯುವುದಿಲ್ಲ.

ಧ್ವನಿಯೇ ಏಕೆ ಉಳಿಯುತ್ತದೆ, ಚಿತ್ರವೇ ಏಕೆ ಹೋಗುತ್ತದೆ ಎಂಬ ಪ್ರಶ್ನೆ ಸಹಜ. ಧ್ವನಿಯ ವಿಧಾನಗಳು ಬಹುಕಾಲದಿಂದ ಹೆಚ್ಚು ಬದಲಾಗಿಲ್ಲ. ಎಂಪಿ3, ಎಎಸಿ ಎಂಬೆರಡನ್ನು ಬಲ್ಲ ಯಂತ್ರ ಬಹುಪಾಲು ಎಲ್ಲವನ್ನೂ ನುಡಿಸಬಲ್ಲದು. ಚಿತ್ರದ ವಿಧಾನಗಳಾದರೋ ಹತ್ತು ವರ್ಷಕ್ಕೊಮ್ಮೆ ಹೊಸದಾಗುತ್ತ ಬಂದಿವೆ. ವಿ.ಸಿ.ಡಿ.ಯಲ್ಲಿ ಎಂಪೆಗ್-1, ಡಿ.ವಿ.ಡಿ.ಯಲ್ಲಿ ಎಂಪೆಗ್-2 ಇದ್ದವು. 2003ರಲ್ಲಿ ಎಚ್.264 ಬಂದಿತು, ಇಂದಿಗೂ ಅತಿ ಹೆಚ್ಚು ಯಂತ್ರಗಳು ಬಲ್ಲದ್ದು ಇದನ್ನೇ. 2013ರಲ್ಲಿ ಎಚ್.265, ಅಂದರೆ ಎಚ್‌ಇವಿಸಿ, 2018ರಲ್ಲಿ ಎವಿ1 ಬಂದವು. ಪ್ರತಿಯೊಂದೂ ಹಿಂದಿನದಕ್ಕಿಂತ ಕಡಿಮೆ ಜಾಗದಲ್ಲಿ ಉತ್ತಮ ಚಿತ್ರವನ್ನು ಹಿಡಿದಿಡುತ್ತದೆ, ಹಾಗೆಯೇ ಬಿಡಿಸಲು ಹೆಚ್ಚಿನ ಶಕ್ತಿಯನ್ನೂ ಬೇಡುತ್ತದೆ.

ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಫೈಲಿನ ಹೆಸರಿನ ಕೊನೆಯ ಅಕ್ಷರಗಳನ್ನು ಎಂಒವಿಯಿಂದ ಎಂಪಿ4ಗೆ ಬದಲಿಸಿದರೆ ಪ್ರಯೋಜನವಿಲ್ಲ. ಕ್ಯಾರಿಯರಿನ ಮೇಲಿನ ಚೀಟಿ ಬದಲಾಯಿತೇ ಹೊರತು ಒಳಗಿನ ಅಡುಗೆ ಅದೇ ಉಳಿಯಿತು.

ಮೊದಲು ಮಾಡಬೇಕಾದ ಪರೀಕ್ಷೆ

ಏನನ್ನು ಮಾಡುವುದಕ್ಕೂ ಮುಂಚೆ ಫೈಲಿನ ಒಂದು ಪ್ರತಿಯನ್ನು ಬೇರೆಡೆ ತೆಗೆದಿಡತಕ್ಕದ್ದು. ಪ್ರಯೋಗಗಳೆಲ್ಲ ಪ್ರತಿಯ ಮೇಲೆ ನಡೆಯಬೇಕು, ಮೂಲದ ಮೇಲೆ ಅಲ್ಲ.

ಅನಂತರ ವಿಎಲ್‌ಸಿ ಎಂಬ ಉಚಿತ ತಂತ್ರಾಂಶದಲ್ಲಿ ಫೈಲನ್ನು ತೆರೆದು ನೋಡಬೇಕು. ಪ್ಯಾರಿಸ್ ಸಮೀಪದ ಇಂಜಿನಿಯರಿಂಗ್ ಕಾಲೇಜೊಂದರ ವಿದ್ಯಾರ್ಥಿಗಳು 1996ರಲ್ಲಿ ತೊಡಗಿದ ಯೋಜನೆಯಿಂದ ಹುಟ್ಟಿದ ಈ ತಂತ್ರಾಂಶ 2001ರಿಂದ ಎಲ್ಲರಿಗೂ ಮುಕ್ತವಾಗಿದೆ. ಕಿತ್ತಳೆ ಬಣ್ಣದ ಸಂಚಾರ ಶಂಕು ಇದರ ಗುರುತು. ವಿಂಡೋಸ್‌ನೊಂದಿಗೆ ಬರುವ ಪ್ಲೇಯರ್ ಹೊರಗಿನ ಕೋಡೆಕ್‌ಗಳನ್ನು ಅವಲಂಬಿಸಿದ್ದರೆ, ವಿಎಲ್‌ಸಿ ತನಗೆ ಬೇಕಾದ ಕೋಡೆಕ್‌ಗಳನ್ನು ತನ್ನೊಳಗೇ ಇಟ್ಟುಕೊಂಡಿರುತ್ತದೆ. ಆದುದರಿಂದ ಬಹಳಷ್ಟು ಸಂದರ್ಭಗಳಲ್ಲಿ ಸಮಸ್ಯೆ ಇಲ್ಲಿಗೇ ಮುಗಿಯುತ್ತದೆ. ಚಿತ್ರ ಕಂಡಿತೆಂದರೆ ಫೈಲಿನಲ್ಲಿ ದೋಷವಿಲ್ಲ, ಹಿಂದೆ ಬಳಸಿದ ಪ್ಲೇಯರಿನಲ್ಲಿ ಕೊರತೆಯಿತ್ತು ಎಂದು ತಿಳಿಯಬೇಕು.

ವಿಎಲ್‌ಸಿಯಲ್ಲಿಯೂ ಕಾಣದಿದ್ದರೆ ಫೈಲಿನ ಗಾತ್ರವನ್ನು ಗಮನಿಸಬೇಕು. ಸಾಧಾರಣ ಗುಣಮಟ್ಟದ ಒಂದು ಗಂಟೆಯ ಧ್ವನಿಗೆ ಸುಮಾರು 58 ಎಂ.ಬಿ. ಸಾಕು. ಅದೇ ಒಂದು ಗಂಟೆಯ ಎಚ್.ಡಿ. ಚಿತ್ರಕ್ಕೆ ಎರಡು ಮೂರು ಜಿ.ಬಿ.ಯಾದರೂ ಬೇಕಾಗುವುದು ಸಾಮಾನ್ಯ. ಒಂದು ಗಂಟೆಯ ಪ್ರವಚನದ ಫೈಲ್ 60 ಎಂ.ಬಿ. ಇದ್ದರೆ ಅದರಲ್ಲಿ ಚಿತ್ರವೇ ಇಲ್ಲದಿರುವ ಸಂಭವ ಹೆಚ್ಚು. ಅಂತರ್ಜಾಲದಿಂದ ಇಳಿಸಿಕೊಳ್ಳುವಾಗ ಧ್ವನಿಯನ್ನು ಮಾತ್ರ ಇಳಿಸಿಕೊಂಡಿರಬಹುದು. ಎಂಪಿ4 ಎಂಬ ಹೆಸರಿನಲ್ಲಿ ಧ್ವನಿ ಮಾತ್ರವಿರುವ ಫೈಲ್ ಇರುವುದಕ್ಕೆ ಅಡ್ಡಿಯಿಲ್ಲ. ಎರಡು ಜಿ.ಬಿ. ಇದ್ದರೆ ಚಿತ್ರ ಒಳಗೆ ಇದ್ದೇ ಇದೆಯೆಂದು ಸಮಾಧಾನದಿಂದ ಮುಂದುವರಿಯಬಹುದು.

ಖಚಿತವಾಗಿ ತಿಳಿಯಲು ಮೀಡಿಯಾಇನ್ಫೋ ಎಂಬ ಇನ್ನೊಂದು ಉಚಿತ ಸಾಧನವಿದೆ. ಅದರಲ್ಲಿ ಫೈಲನ್ನು ತೆರೆದರೆ ವಿಡಿಯೊ, ಆಡಿಯೊ ಎಂಬ ಶೀರ್ಷಿಕೆಗಳ ಕೆಳಗೆ ಎಲ್ಲ ವಿವರವೂ ಬರುತ್ತದೆ. ವಿಡಿಯೊ ಎಂಬ ಶೀರ್ಷಿಕೆಯೇ ಇಲ್ಲದಿದ್ದರೆ ಆ ಫೈಲಿನಲ್ಲಿ ಚಿತ್ರವಿಲ್ಲ. ಮೂಲ ಎಲ್ಲಿದೆ ಎಂದು ಹುಡುಕಬೇಕೇ ಹೊರತು ಇದನ್ನು ದುರಸ್ತಿ ಮಾಡುವ ಪ್ರಶ್ನೆಯಿಲ್ಲ. ಶೀರ್ಷಿಕೆ ಇದ್ದರೆ ಅಲ್ಲಿ ಬರೆದಿರುವ ಕೋಡೆಕ್ಕಿನ ಹೆಸರನ್ನು ಒಂದು ಕಾಗದದ ಮೇಲೆ ಗುರುತು ಹಾಕಿಕೊಳ್ಳುವುದು ಒಳಿತು. ಪರವೂರಿನಲ್ಲಿರುವ ಮಗನನ್ನು ಫೋನಿನಲ್ಲಿ ಕೇಳುವಾಗ “ವಿಡಿಯೊ ಬರುತ್ತಿಲ್ಲ” ಎನ್ನುವುದಕ್ಕಿಂತ “ಎಚ್‌ಇವಿಸಿ ಎಂದಿದೆ, ಚಿತ್ರ ಬರುತ್ತಿಲ್ಲ” ಎಂದರೆ ಉತ್ತರ ಬೇಗ ಸಿಗುತ್ತದೆ.

ಇನ್ನೊಂದು ಚಿಕ್ಕ ಸಂಗತಿಯನ್ನೂ ಇಲ್ಲಿಯೇ ಹೇಳಿಬಿಡಬೇಕು. ವಿಎಲ್‌ಸಿಯ ವಿಡಿಯೊ ಮೆನುವಿನಲ್ಲಿ ವಿಡಿಯೊ ಟ್ರ್ಯಾಕ್ ಎಂಬುದು ಡಿಸೇಬಲ್ ಆಗಿದ್ದರೆ ಚಿತ್ರ ಬರುವುದಿಲ್ಲ. ಮೊಬೈಲಿನ ವಿಎಲ್‌ಸಿಯಲ್ಲಿ ‘ಪ್ಲೇ ಆ್ಯಸ್ ಆಡಿಯೊ’ ಎಂಬ ಆಯ್ಕೆಯಿದ್ದು, ಬೆರಳು ತಗುಲಿ ಅದು ಆಯ್ಕೆಯಾಗಿರುವುದೂ ಉಂಟು. ದೊಡ್ಡ ಕಾರಣಗಳನ್ನು ಹುಡುಕುವ ಮುನ್ನ ಇವನ್ನು ನೋಡಿಕೊಳ್ಳಬೇಕು.

ಮೊಬೈಲಿನಲ್ಲಿ ತೆಗೆದ ವಿಡಿಯೊಗಳು

ಇಂದು ಬರುವ ದೂರುಗಳಲ್ಲಿ ದೊಡ್ಡ ಪಾಲು ಎಚ್‌ಇವಿಸಿಗೆ ಸಂಬಂಧಿಸಿದ್ದು. 2017ರಲ್ಲಿ ಐಒಎಸ್ 11 ಬಂದಂದಿನಿಂದ ಐಫೋನ್ 7 ಮತ್ತು ಅನಂತರದ ಐಫೋನುಗಳು ತಾವಾಗಿಯೇ ಎಚ್‌ಇವಿಸಿಯಲ್ಲಿ ಚಿತ್ರೀಕರಿಸುತ್ತವೆ. ಅನೇಕ ಆ್ಯಂಡ್ರಾಯ್ಡ್ ಫೋನುಗಳಲ್ಲಿಯೂ ಈ ಸೌಲಭ್ಯವಿದೆ. ತೆಗೆದ ಫೋನಿನಲ್ಲಿ ವಿಡಿಯೊ ಚೆನ್ನಾಗಿಯೇ ಕಾಣುವುದರಿಂದ ತೆಗೆದವರಿಗೆ ಇದರ ಅರಿವೇ ಇರುವುದಿಲ್ಲ. ಅದನ್ನು ಕಂಪ್ಯೂಟರಿಗೆ ಹಾಕಿದಾಗ ವಿಂಡೋಸ್‌ನ ಪ್ಲೇಯರ್ ಧ್ವನಿಯನ್ನು ನುಡಿಸಿ ಚಿತ್ರದ ಜಾಗವನ್ನು ಕಪ್ಪಾಗಿ ಬಿಡುತ್ತದೆ. ಎಚ್‌ಇವಿಸಿ ಹಲವು ಪೇಟೆಂಟುಗಳಿಗೆ ಒಳಪಟ್ಟಿರುವುದರಿಂದ ಅದರ ಕೋಡೆಕ್ ಎಲ್ಲ ವಿಂಡೋಸ್ ಕಂಪ್ಯೂಟರುಗಳಲ್ಲಿಯೂ ಮೊದಲೇ ಇರುವುದಿಲ್ಲ. ಮೈಕ್ರೋಸಾಫ್ಟ್ ಸ್ಟೋರ್‌ನಲ್ಲಿ ‘ಎಚ್‌ಇವಿಸಿ ವಿಡಿಯೊ ಎಕ್ಸ್‌ಟೆನ್ಶನ್ಸ್’ ಎಂಬ ಹೆಸರಿನಲ್ಲಿ ಅಲ್ಪ ಶುಲ್ಕಕ್ಕೆ ದೊರೆಯುತ್ತದೆ. ವಿಎಲ್‌ಸಿಯನ್ನು ಬಳಸುವವರಿಗೆ ಆ ಶುಲ್ಕದ ಅಗತ್ಯವೂ ಇಲ್ಲ.

ವಾಟ್ಸ್ಆ್ಯಪ್ ವಿಷಯದಲ್ಲಿ ಒಂದು ಗೊಂದಲ ಪದೇ ಪದೇ ತಲೆದೋರುತ್ತದೆ. ಅದರಲ್ಲಿ ವಿಡಿಯೊ ಎಂದೇ ಕಳುಹಿಸಿದರೆ ವಾಟ್ಸ್ಆ್ಯಪ್ ಅದನ್ನು ಕುಗ್ಗಿಸಿ ಮಾರ್ಪಡಿಸುತ್ತದೆ; ಗುಣಮಟ್ಟ ಇಳಿಯುತ್ತದೆ, ಆದರೆ ಎಲ್ಲೆಡೆ ಕಾಣುತ್ತದೆ. ಡಾಕ್ಯುಮೆಂಟ್ ಎಂದು ಕಳುಹಿಸಿದರೆ 2 ಜಿ.ಬಿ.ವರೆಗಿನ ಮೂಲ ಫೈಲ್ ಇದ್ದಂತೆಯೇ ತಲಪುತ್ತದೆ. ಗುಣಮಟ್ಟ ಉಳಿಯುತ್ತದೆ, ಆದರೆ ಎಚ್‌ಇವಿಸಿಯಾಗಿದ್ದರೆ ಹಳೆಯ ಯಂತ್ರದಲ್ಲಿ ಚಿತ್ರ ಕಾಣದು. ಒಂದೇ ವಿಡಿಯೊ ಅಣ್ಣನ ಮನೆಯಲ್ಲಿ ಕಂಡು ತಮ್ಮನ ಮನೆಯಲ್ಲಿ ಕಾಣದಿರುವುದಕ್ಕೆ ಇದೇ ಕಾರಣವಾಗಿರುತ್ತದೆ. ಕಾಪಿಡುವುದಕ್ಕೆ ಡಾಕ್ಯುಮೆಂಟ್, ಕೂಡಲೇ ನೋಡುವುದಕ್ಕೆ ವಿಡಿಯೊ, ಹೀಗೆ ಎರಡು ಬಗೆಯಲ್ಲಿಯೂ ಕಳುಹಿಸುವುದು ಉಚಿತ.

ಕಳುಹಿಸುವವರ ಕಡೆಯಲ್ಲಿಯೇ ತೊಂದರೆಯನ್ನು ತಡೆಯಬಹುದು. ಐಫೋನಿನ ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ, ಅದರೊಳಗೆ ಫಾರ್ಮ್ಯಾಟ್ಸ್ ಎಂಬಲ್ಲಿ ‘ಮೋಸ್ಟ್ ಕಂಪ್ಯಾಟಿಬಲ್’ ಎಂದು ಆರಿಸಿದರೆ ಮುಂದಿನ ಚಿತ್ರೀಕರಣಗಳು ಎಚ್.264ರಲ್ಲಿ ಆಗುತ್ತವೆ. ಸೆಕೆಂಡಿಗೆ 60 ಚೌಕಟ್ಟುಗಳ 4ಕೆ ಚಿತ್ರೀಕರಣಕ್ಕೆ ಎಚ್‌ಇವಿಸಿ ಬೇಕೇ ಬೇಕು. ಪ್ರವಚನಕ್ಕಾಗಲಿ ಮನೆಯ ಶುಭಕಾರ್ಯಕ್ಕಾಗಲಿ ಅದರ ಅಗತ್ಯ ಕಾಣುವುದಿಲ್ಲ. ಕುಳಿತು ಮಾತನಾಡುವವರನ್ನು ಚಿತ್ರೀಕರಿಸುವುದಕ್ಕೆ ಅಷ್ಟು ಚೌಕಟ್ಟುಗಳೇಕೆ?

ಟಿ.ವಿ.ಗೆ ಪೆನ್‌ಡ್ರೈವ್ ಹಾಕಿದಾಗ

ಟಿ.ವಿ.ಯಲ್ಲಿ ಚಿತ್ರವನ್ನು ಬಿಡಿಸುವ ಕೆಲಸವನ್ನು ಅದರೊಳಗಿನ ಚಿಪ್ ಮಾಡುತ್ತದೆ. ತಯಾರಾದ ದಿನ ಆ ಚಿಪ್‌ಗೆ ಏನು ತಿಳಿದಿತ್ತೋ ಅಷ್ಟೇ. ಹೊಸ ಕೋಡೆಕ್ ಕಲಿಸಲು ಸಾಧ್ಯವಿಲ್ಲ. ಆದುದರಿಂದ ಕೆಲವು ಟಿ.ವಿ.ಗಳು ಧ್ವನಿಯನ್ನು ನುಡಿಸುತ್ತ, ವಿಡಿಯೊಗೆ ಬೆಂಬಲವಿಲ್ಲವೆಂಬ ಸೂಚನೆಯನ್ನು ಪರದೆಯ ಮೇಲೆ ತೋರುತ್ತವೆ.

ಇಲ್ಲಿ ವಿಶೇಷವಾಗಿ ಗಮನಿಸಬೇಕಾದದ್ದು ವೃತ್ತಿಪರ ಕ್ಯಾಮೆರಾದ ಫೈಲುಗಳು. ಸಮಾರಂಭವನ್ನು ಚಿತ್ರೀಕರಿಸಿದ ವಿಡಿಯೊದವರು ಸಂಕಲನಕ್ಕೆ ಮುಂಚಿನ ಮೂಲ ಫೈಲುಗಳನ್ನೇ ಹಾರ್ಡ್ ಡಿಸ್ಕಿಗೆ ಹಾಕಿ ಕೊಟ್ಟಾಗ ಅವು ಎಚ್.264 ಆಗಿದ್ದರೂ ಟಿ.ವಿ.ಯಲ್ಲಿ ಕಾಣದೆ ಹೋಗಬಹುದು. ಮೀಡಿಯಾಇನ್ಫೋದಲ್ಲಿ 10 ಬಿಟ್ಸ್, 4:2:2 ಎಂಬ ಗುರುತುಗಳಿದ್ದರೆ ಕಾರಣ ಸಿಕ್ಕಿತೆಂದೇ ತಿಳಿಯಬೇಕು. ಸಂಕಲನದ ವೇಳೆ ಬಣ್ಣಗಳನ್ನು ತಿದ್ದಲು ಅನುಕೂಲವಾಗಲೆಂದು ಇಂತಹ ಫೈಲುಗಳಲ್ಲಿ ಬಣ್ಣದ ವಿವರಗಳನ್ನು ಹೆಚ್ಚು ಸೂಕ್ಷ್ಮವಾಗಿ ಹಿಡಿದಿಡಲಾಗುತ್ತದೆ. ಟಿ.ವಿ., ಮೊಬೈಲುಗಳ ಚಿಪ್‌ಗಳು ಎಚ್.264ರಲ್ಲಿ ನಿರೀಕ್ಷಿಸುವುದು 8 ಬಿಟ್, 4:2:0 ಎಂಬ ಸಾಮಾನ್ಯ ರೂಪವನ್ನು. ವಿಡಿಯೊದವರಿಗೆ ಕೆಲಸ ವಹಿಸುವಾಗಲೇ, ನೋಡುವುದಕ್ಕೆ 8 ಬಿಟ್ ಎಚ್.264 ಎಂಪಿ4 ಪ್ರತಿಯನ್ನೂ, ಕಾಪಿಡುವುದಕ್ಕೆ ಮೂಲ ಫೈಲುಗಳನ್ನೂ ಎರಡೂ ಕೊಡಬೇಕೆಂದು ಹೇಳಿ ಒಪ್ಪಿಸಿಕೊಂಡಿದ್ದರೆ ಮುಂದೆ ಅಲೆಯುವುದು ತಪ್ಪುತ್ತದೆ. ಸಂಘ ಸಂಸ್ಥೆಗಳ ಪದಾಧಿಕಾರಿಗಳು ಈ ಮಾತನ್ನು ಕರಾರಿನಲ್ಲಿಯೇ ಬರೆಸಿಕೊಳ್ಳುವುದು ಲೇಸು.

ವಿಎಲ್‌ಸಿಯಲ್ಲಿಯೂ ಪರದೆ ಕಪ್ಪಾಗಿದ್ದರೆ

ಫೈಲ್ ಸರಿಯಿದೆ, ಕೋಡೆಕ್ಕೂ ಪರಿಚಿತವೇ, ಆದರೂ ಚಿತ್ರವಿಲ್ಲ ಎಂದಾದರೆ ಸಂಶಯ ಕಂಪ್ಯೂಟರಿನ ಗ್ರಾಫಿಕ್ಸ್ ಭಾಗದ ಕಡೆಗೆ ತಿರುಗಬೇಕು. ಚಿತ್ರವನ್ನು ಬಿಡಿಸುವ ಭಾರವನ್ನು ಗ್ರಾಫಿಕ್ಸ್ ಚಿಪ್‌ಗೆ ವಹಿಸುವ ಏರ್ಪಾಡಿಗೆ ಹಾರ್ಡ್‌ವೇರ್ ಆ್ಯಕ್ಸಿಲರೇಶನ್ ಎಂದು ಹೆಸರು. ಹಳೆಯ ಚಿಪ್ ಅಥವಾ ಹಳೆಯ ಡ್ರೈವರ್ ಆ ಕೆಲಸವನ್ನು ಒಪ್ಪಿಕೊಂಡು ಪೂರೈಸದೆ ಬಿಟ್ಟಾಗ ಪರದೆ ಕಪ್ಪಾಗಿಯೋ ಹಸಿರಾಗಿಯೋ ಉಳಿಯುತ್ತದೆ. ವಿಎಲ್‌ಸಿಯ ಟೂಲ್ಸ್ ಮೆನುವಿನಲ್ಲಿ ಪ್ರಿಫರೆನ್ಸಸ್ ತೆರೆದು, ಇನ್‌ಪುಟ್/ಕೋಡೆಕ್ಸ್ ಎಂಬಲ್ಲಿ ಹಾರ್ಡ್‌ವೇರ್ ಡಿಕೋಡಿಂಗ್ ಅನ್ನು ಡಿಸೇಬಲ್ ಮಾಡಿ, ತಂತ್ರಾಂಶವನ್ನು ಮುಚ್ಚಿ ಮತ್ತೆ ತೆರೆಯಬೇಕು. ಅದರಿಂದಲೂ ಆಗದಿದ್ದರೆ ಅದೇ ಪ್ರಿಫರೆನ್ಸಸ್‌ನ ವಿಡಿಯೊ ಭಾಗದಲ್ಲಿ ಔಟ್‌ಪುಟ್ ಎಂಬುದನ್ನು ಒಂದೊಂದಾಗಿ ಬದಲಿಸಿ ನೋಡಬಹುದು. ಏನೇನೋ ಬದಲಿಸಿ ಗೊಂದಲವಾದರೆ ಕೆಳಗಡೆ ‘ರಿಸೆಟ್ ಪ್ರಿಫರೆನ್ಸಸ್’ ಎಂಬ ಗುಂಡಿಯಿದೆ. ಗ್ರಾಫಿಕ್ಸ್ ಡ್ರೈವರನ್ನು ತಯಾರಕರ ಜಾಲತಾಣದಿಂದಲೇ ನವೀಕರಿಸುವುದು ಶಾಶ್ವತ ಪರಿಹಾರ.

ಸಭಾಂಗಣಗಳಲ್ಲಿ ಇದರ ಇನ್ನೊಂದು ರೂಪವನ್ನು ಕಾಣಬಹುದು. ಲ್ಯಾಪ್‌ಟಾಪಿನಲ್ಲಿ ಚಿತ್ರವಿದೆ, ಧ್ವನಿವರ್ಧಕದಲ್ಲಿ ಮಾತು ಕೇಳುತ್ತಿದೆ, ಪ್ರೊಜೆಕ್ಟರಿನ ಪರದೆ ಮಾತ್ರ ಬರಿದು. ವಿಂಡೋಸ್ ಕೀಲಿಯೊಂದಿಗೆ ಪಿ ಅಕ್ಷರವನ್ನು ಒತ್ತಿ ಡೂಪ್ಲಿಕೇಟ್ ಎಂದು ಆರಿಸಿದರೆ ಸಾಮಾನ್ಯವಾಗಿ ಸರಿಯಾಗುತ್ತದೆ. ಹಣ ಕೊಟ್ಟು ನೋಡುವ ಒಟಿಟಿ ಚಿತ್ರಗಳನ್ನು ಕೆಲವು ಪ್ರೊಜೆಕ್ಟರುಗಳಲ್ಲಿ ಪ್ರತಿರಕ್ಷಣೆಯ ಕಾರಣದಿಂದಲೇ ತಡೆಯಲಾಗಿರುತ್ತದೆ. ಅಲ್ಲಿ ದುರಸ್ತಿಯ ಮಾತಿಲ್ಲ. ಕಾರ್ಯಕ್ರಮದ ಹಿಂದಿನ ಸಂಜೆಯೇ ಅದೇ ಲ್ಯಾಪ್‌ಟಾಪ್, ಅದೇ ಪ್ರೊಜೆಕ್ಟರ್, ಅದೇ ಫೈಲಿನಿಂದ ಒಮ್ಮೆ ಪರೀಕ್ಷಿಸಿಕೊಳ್ಳಬೇಕು. ಪೂಜ್ಯರು ವೇದಿಕೆಯಲ್ಲಿ ಆಸೀನರಾದ ಮೇಲೆ ಕೇಬಲ್ ಹುಡುಕುವುದು ಶೋಭೆಯಲ್ಲ.

ಸಿ.ಡಿ., ಡಿ.ವಿ.ಡಿ. ಮತ್ತು ಹಳೆಯ ಎವಿಐ ಫೈಲುಗಳು

1990ರ ದಶಕದ ಕೊನೆಯಿಂದ ಮುಂದಿನ ಹತ್ತು ವರ್ಷ ಮದುವೆಯ ಚಿತ್ರೀಕರಣಗಳು ಹೆಚ್ಚಾಗಿ ವಿ.ಸಿ.ಡಿ., ಡಿ.ವಿ.ಡಿ.ಗಳಲ್ಲಿಯೇ ಮನೆ ಸೇರಿದವು. ವಿ.ಸಿ.ಡಿ.ಯನ್ನು ಕಂಪ್ಯೂಟರಿಗೆ ಹಾಕಿದರೆ ಎಂಪೆಗ್‌ಎವಿ ಎಂಬ ಫೋಲ್ಡರಿನೊಳಗೆ ಕೊನೆಯಲ್ಲಿ ಡಿಎಟಿ ಎಂದಿರುವ ಫೈಲುಗಳು ಸಿಗುತ್ತವೆ. ಚಿತ್ರವಿರುವುದು ಅವುಗಳಲ್ಲಿಯೇ, ವಿಎಲ್‌ಸಿ ಅವನ್ನು ನೇರವಾಗಿ ತೆರೆಯುತ್ತದೆ. ಡಿ.ವಿ.ಡಿ.ಯಲ್ಲಿ ಚಿತ್ರ ಎಂಪೆಗ್-2 ರೂಪದಲ್ಲಿದ್ದು ವಿಒಬಿ ಎಂಬ ತುಂಡುಗಳಾಗಿರುತ್ತದೆ. 2012ರ ವಿಂಡೋಸ್ 8ರಿಂದ ಡಿ.ವಿ.ಡಿ. ನೋಡುವ ಸೌಕರ್ಯವನ್ನು ವಿಂಡೋಸ್‌ನಿಂದ ಕೈಬಿಡಲಾಯಿತು. ಹಿಂದಿನ ಕಂಪ್ಯೂಟರಿನಲ್ಲಿ ನೋಡುತ್ತಿದ್ದ ಡಿಸ್ಕ್ ಹೊಸದರಲ್ಲಿ ಕಾಣದಿದ್ದರೆ ಡಿಸ್ಕನ್ನು ದೂಷಿಸಬೇಕಾಗಿಲ್ಲ.

ಎವಿಐ ಫೈಲುಗಳ ಕತೆ ಸ್ವಲ್ಪ ತೊಡಕಿನದು. ಮೈಕ್ರೋಸಾಫ್ಟ್ 1992ರಲ್ಲಿ ತಂದ ಈ ಪಾತ್ರೆಯೊಳಗೆ ಸಿನೆಪ್ಯಾಕ್, ಇಂಡಿಯೊ, ಡಿವ್‌ಎಕ್ಸ್, ಎಕ್ಸ್‌ವಿಡ್ ಎಂಬ ಬಗೆಬಗೆಯ ಕೋಡೆಕ್‌ಗಳನ್ನು ತುಂಬಲಾಗುತ್ತಿತ್ತು. ಅವುಗಳಲ್ಲಿ ಕೆಲವು ಇಂದು ಬಳಕೆಯಿಂದ ಪೂರ್ತಿ ಮರೆಯಾಗಿವೆ. ಆದರೂ ಇವುಗಳಲ್ಲಿ ಬಹುಪಾಲನ್ನು ವಿಎಲ್‌ಸಿ ಓದುತ್ತದೆ. ಓದಿದ ದಿನವೇ ಅವನ್ನು ಎಚ್.264ಕ್ಕೆ ಪರಿವರ್ತಿಸಿಟ್ಟುಕೊಳ್ಳುವುದು ಕ್ಷೇಮ.

ಕ್ಯಾಸೆಟ್ಟಿನಲ್ಲಿಯೂ ಇದೇ ಲಕ್ಷಣ

ಫೈಲುಗಳ ಕಾಲಕ್ಕೂ ಮುಂಚೆ ವಿ.ಎಚ್.ಎಸ್. ಕ್ಯಾಸೆಟ್‌ಗಳಲ್ಲಿಯೂ ಧ್ವನಿಯಿದ್ದು ಚಿತ್ರವಿಲ್ಲದ ಸ್ಥಿತಿ ಇತ್ತು. ಕಾರಣ ಬೇರೆ, ಆದರೆ ತಿಳಿಯಬೇಕಾದ ಪಾಠ ಒಂದೇ. ಕ್ಯಾಸೆಟ್ಟಿನ ಟೇಪಿನ ಅಂಚಿನಲ್ಲಿ ಧ್ವನಿ ಉದ್ದಕ್ಕೂ ಸಾಗುತ್ತದೆ. ಅದನ್ನು ಓದುವುದು ಅಲುಗಾಡದ ಒಂದು ಹೆಡ್. ಚಿತ್ರವಾದರೋ ಟೇಪಿನ ಮೇಲೆ ಓರೆಯಾಗಿ ಬರೆಯಲ್ಪಟ್ಟಿರುತ್ತದೆ. ಅದನ್ನು ಓದುವುದು ವೇಗವಾಗಿ ತಿರುಗುವ ಡ್ರಮ್ಮಿನಲ್ಲಿರುವ ಅತಿ ಸೂಕ್ಷ್ಮ ಹೆಡ್‌ಗಳು. ಧೂಳು, ಬೂಷ್ಟು, ಟೇಪಿನ ಪುಡಿ ಆ ಹೆಡ್‌ಗಳಿಗೆ ಮೆತ್ತಿಕೊಂಡರೆ ಪರದೆಯ ಮೇಲೆ ಬಿಳಿ ಚುಕ್ಕೆಗಳ ಮಳೆ ಸುರಿಯುತ್ತದೆ, ಮಾತು ಮಾತ್ರ ಸ್ವಚ್ಛವಾಗಿ ಕೇಳುತ್ತದೆ. ಅಂದರೆ ತೊಂದರೆಯಿರುವುದು ವಿ.ಸಿ.ಆರ್.ನಲ್ಲಿ, ಕ್ಯಾಸೆಟ್ಟಿನಲ್ಲಿ ಅಲ್ಲ. ಚಿತ್ರ ಬರಲಿಲ್ಲವೆಂದು ಕ್ಯಾಸೆಟ್ಟುಗಳನ್ನು ಎಸೆದ ಮನೆಗಳು ಎಷ್ಟೋ!

ಹೆಡ್‌ಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಮೃದು ಚರ್ಮದ ತುಂಡಿನಿಂದ ಶುಚಿಗೊಳಿಸಬೇಕು. ಹತ್ತಿಯನ್ನು ಬಳಸಿದರೆ ಎಳೆ ಸಿಕ್ಕಿ ಹೆಡ್ ಮುರಿಯುವ ಅಪಾಯವಿರುವುದರಿಂದ ಬಲ್ಲವರ ಕೈಯಲ್ಲಿ ಮಾಡಿಸುವುದೇ ಮೇಲು. ಟೇಪಿನ ಮೇಲೆ ಬಿಳಿಯ ಬೂಷ್ಟು ಕಂಡರೆ ಅದನ್ನು ವಿ.ಸಿ.ಆರ್.ಗೆ ಹಾಕಲೇಬಾರದು, ಒಂದು ಕ್ಯಾಸೆಟ್ಟಿನ ಬೂಷ್ಟು ಯಂತ್ರದ ಮೂಲಕ ಉಳಿದೆಲ್ಲಕ್ಕೂ ಹಬ್ಬುತ್ತದೆ. ಅಮೆರಿಕದಿಂದ ಬಂದ ಹಳೆಯ ಕ್ಯಾಸೆಟ್ಟುಗಳಲ್ಲಿ ಮತ್ತೊಂದು ತೊಡಕು ಇದೆ. ಅಲ್ಲಿಯದು ಎನ್‌ಟಿಎಸ್‌ಸಿ ಪದ್ಧತಿ, ನಮ್ಮದು ಪಾಲ್ ಪದ್ಧತಿ. ಇಲ್ಲಿನ ಯಂತ್ರದಲ್ಲಿ ಹಾಕಿದರೆ ಮಾತು ಕೇಳಿಸುತ್ತದೆ, ಚಿತ್ರ ಮಾತ್ರ ಬಣ್ಣವಿಲ್ಲದೆ ಉರುಳುತ್ತಿರುತ್ತದೆ. ಎರಡೂ ಪದ್ಧತಿಗಳನ್ನು ಬಲ್ಲ ಯಂತ್ರವಿದ್ದರೆ ಚಿತ್ರ ನಿಲ್ಲುತ್ತದೆ.

ಈ ಕೆಲಸವನ್ನು ಮುಂದೂಡುವಂತಿಲ್ಲ. ಜಪಾನಿನ ಫುನೈ ಕಂಪನಿ 2016ರ ಜುಲೈನಲ್ಲಿ ತಯಾರಿಕೆಯನ್ನು ನಿಲ್ಲಿಸಿದ ಬಳಿಕ ಹೊಸ ವಿ.ಸಿ.ಆರ್.ಗಳು ಬರುತ್ತಿಲ್ಲ. ಉಳಿದಿರುವ ಹಳೆಯ ಯಂತ್ರಗಳಿಗಾಗಿ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ವಿಚಾರಿಸಬೇಕು, ಇಲ್ಲವೇ ಕ್ಯಾಸೆಟ್ಟನ್ನು ಫೈಲಿಗೆ ಇಳಿಸಿಕೊಡುವ ಸ್ಟುಡಿಯೊಗಳನ್ನು ಕಾಣಬೇಕು. ಸ್ಟುಡಿಯೊಗೆ ಕೊಡುವಾಗ ಪೆನ್‌ಡ್ರೈವಿನಲ್ಲಿ ಎಂಪಿ4 ಫೈಲನ್ನೇ ಕೇಳಿ ಪಡೆಯಬೇಕು. ಡಿ.ವಿ.ಡಿ.ಗೆ ಇಳಿಸಿಕೊಂಡರೆ ಇನ್ನು ಕೆಲವು ವರ್ಷಗಳಲ್ಲಿ ಅದನ್ನು ಮತ್ತೆ ಇಳಿಸಬೇಕಾಗುತ್ತದೆ.

ಪರಿವರ್ತನೆ ಮತ್ತು ಮೂಲದ ರಕ್ಷಣೆ

ಒಂದು ಯಂತ್ರದಲ್ಲಿ ಕಾಣುವ ವಿಡಿಯೊವನ್ನು ಎಲ್ಲ ಯಂತ್ರಗಳಲ್ಲಿಯೂ ಕಾಣುವಂತೆ ಮಾಡಲು ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶ ಸಾಕು. ಫೈಲನ್ನು ತೆರೆದು, ಪ್ರಿಸೆಟ್‌ಗಳಲ್ಲಿ ‘ಫಾಸ್ಟ್ 1080ಪಿ30’ ಎಂಬುದನ್ನು ಆರಿಸಿ ಸ್ಟಾರ್ಟ್ ಒತ್ತಿದರೆ ಎಚ್.264 ಎಂಪಿ4 ತಯಾರಾಗುತ್ತದೆ. ಸಿ.ಡಿ., ಡಿ.ವಿ.ಡಿ., ಕ್ಯಾಸೆಟ್ ಮೂಲದವುಗಳಿಗೆ ‘ಫಾಸ್ಟ್ 576ಪಿ25’ ಹೊಂದುತ್ತದೆ. ಹಳೆಯ ಚಿತ್ರವನ್ನು 1080ಕ್ಕೆ ಹಿಗ್ಗಿಸುವುದರಿಂದ ಇಲ್ಲದ ವಿವರ ಹುಟ್ಟುವುದಿಲ್ಲ. ಹಳೆಯ ಕಂಪ್ಯೂಟರಿನಲ್ಲಿ ಒಂದು ಗಂಟೆಯ ವಿಡಿಯೊಗೆ ಹಲವು ಗಂಟೆಗಳು ಹಿಡಿಯಬಹುದು. ರಾತ್ರಿ ಮಲಗುವ ಮುನ್ನ ಹಚ್ಚಿಟ್ಟರೆ ಬೆಳಗಿನ ಪೂಜೆಯ ಹೊತ್ತಿಗೆ ಮುಗಿದಿರುತ್ತದೆ.

ಪ್ರತಿ ಪರಿವರ್ತನೆಯಲ್ಲಿಯೂ ಚಿತ್ರದ ಗುಣ ಸ್ವಲ್ಪ ಕುಂದುತ್ತದೆ. ಆದುದರಿಂದ ಪರಿವರ್ತಿತ ಪ್ರತಿ ಸಿದ್ಧವಾಯಿತೆಂದು ಮೂಲವನ್ನು ಅಳಿಸುವುದು ದೊಡ್ಡ ತಪ್ಪು. ಯೂಟ್ಯೂಬಿಗೆ ‘ಅನ್‌ಲಿಸ್ಟೆಡ್’ ಎಂದು ಏರಿಸಿದರೆ ಕೊಂಡಿಯಿದ್ದವರು ಯಾವ ಯಂತ್ರದಲ್ಲಾದರೂ ನೋಡಬಹುದು. ಬಂಧುಗಳಿಗೆ ಹಂಚಲು ಅದು ಸುಲಭ ಮಾರ್ಗ. ಆದರೆ ಅಲ್ಲಿಂದ ಮರಳಿ ಇಳಿಸಿಕೊಳ್ಳುವ ಪ್ರತಿ ಏರಿಸಿದ ಮೂಲದಷ್ಟು ಗುಣಮಟ್ಟದ್ದಲ್ಲ. ಕನ್ನಡದ ಮೊದಲ ವಾಕ್ಚಿತ್ರವಾದ 1934ರ ‘ಸತಿ ಸುಲೋಚನ’ದ ಪ್ರತಿ ಇಂದು ಉಳಿದಿಲ್ಲವೆಂಬುದನ್ನು ನೆನೆದರೆ, ಒಂದೇ ಕಡೆ ಒಂದೇ ಪ್ರತಿ ಇಡುವುದರ ಅಪಾಯ ಅರಿವಾದೀತು. ಎರಡು ಹಾರ್ಡ್ ಡಿಸ್ಕುಗಳು ಎರಡು ಮನೆಗಳಲ್ಲಿರಲಿ.

ಕೋಡೆಕ್ ಹೆಸರಿನ ವಂಚನೆ

ಚಿತ್ರ ಕಾಣದೆ ಅಂತರ್ಜಾಲದಲ್ಲಿ ಹುಡುಕುವವರನ್ನು ವಂಚಕರು ಬಹಳ ಹಿಂದಿನಿಂದಲೂ ಕಾಯುತ್ತಿದ್ದಾರೆ. 2005ರ ಕೊನೆಯಲ್ಲಿ ಕಾಣಿಸಿಕೊಂಡ ಜ್ಲಾಬ್ ಎಂಬ ದುಷ್ಟ ತಂತ್ರಾಂಶ ವಿಡಿಯೊ ಕೋಡೆಕ್ ವೇಷದಲ್ಲಿಯೇ ಕಂಪ್ಯೂಟರುಗಳೊಳಗೆ ನುಸುಳುತ್ತಿತ್ತು. ಈ ವಿಡಿಯೊ ನೋಡಲು ಇದನ್ನು ಇಳಿಸಿಕೊಳ್ಳಿ ಎಂದು ತಾನಾಗಿಯೇ ತೆರೆದುಕೊಳ್ಳುವ ಯಾವ ಸೂಚನೆಯನ್ನೂ ನಂಬತಕ್ಕದ್ದಲ್ಲ. ವಿಎಲ್‌ಸಿ, ಹ್ಯಾಂಡ್‌ಬ್ರೇಕ್, ಮೀಡಿಯಾಇನ್ಫೋ ಮೂರನ್ನೂ ಅವುಗಳ ಸ್ವಂತ ಜಾಲತಾಣಗಳಿಂದಲೇ ಪಡೆಯಬೇಕು. ಅವುಗಳಿಗೆ ಹಣ ಕೇಳಿದರೆ ಅದು ನಕಲಿಯೆಂದೇ ತಿಳಿಯಬೇಕು. ಮನೆಯ ವಿಡಿಯೊವನ್ನು ಅಪರಿಚಿತ ಜಾಲತಾಣಕ್ಕೆ ಏರಿಸಿ ಪರಿವರ್ತಿಸಿಕೊಳ್ಳುವುದೂ ಸರಿಯಲ್ಲ. ಹೆಣ್ಣುಮಕ್ಕಳು, ಮಕ್ಕಳು ಇರುವ ಚಿತ್ರಗಳು ಯಾರ ಕೈ ಸೇರುತ್ತವೆಯೋ ಹೇಳಲಾಗದು.

ನಿಜವಾಗಿಯೂ ಹಾನಿಯಾದ ಫೈಲುಗಳು

ಅಪರೂಪವಾದರೂ ನಿಜವಾದ ಹಾನಿಯೂ ಉಂಟು. ಚಿತ್ರೀಕರಣ ನಡೆಯುತ್ತಿದ್ದಾಗಲೇ ಬ್ಯಾಟರಿ ಮುಗಿದರೆ ಅಥವಾ ಕಾರ್ಡನ್ನು ಹೊರಗೆಳೆದರೆ ಎಂಪಿ4ರ ಅನುಕ್ರಮಣಿಕೆ ಬರೆಯಲ್ಪಡದೆ ಉಳಿಯುತ್ತದೆ. ಆಗ ಸಾಮಾನ್ಯವಾಗಿ ಧ್ವನಿಯೂ ಬರುವುದಿಲ್ಲ. ಫೈಲ್ ತೆರೆಯುವುದೇ ಇಲ್ಲ. ಆದರೂ ಚಿತ್ರದ ದತ್ತಾಂಶ ಒಳಗೆ ಇದ್ದಿರಲು ಸಾಧ್ಯ. ಫೈಲು ಅರ್ಧದವರೆಗೆ ಚೆನ್ನಾಗಿ ಕಂಡು ಅನಂತರ ಧ್ವನಿ ಮಾತ್ರ ಮುಂದುವರಿದರೆ ನಕಲು ಮಾಡುವಾಗ ತಪ್ಪಾಗಿರಬಹುದು. ಮೂಲ ಕಾರ್ಡಿನಿಂದ ಮತ್ತೊಮ್ಮೆ ನಕಲು ಮಾಡಿ ನೋಡಬೇಕು.

ಇಂತಹ ಸಂದರ್ಭದಲ್ಲಿ ಆ ಕಾರ್ಡಿನಲ್ಲಿ ಮತ್ತೆ ಚಿತ್ರೀಕರಿಸಬಾರದು, ಫಾರ್ಮ್ಯಾಟ್ ಮಾಡಬಾರದು. ಕಾರ್ಡನ್ನು ಹೊರತೆಗೆದು ಅದರ ಮೇಲೆ ದಿನಾಂಕ ಮತ್ತು ಕಾರ್ಯಕ್ರಮದ ಹೆಸರು ಬರೆದು ಪ್ರತ್ಯೇಕವಾಗಿಡಬೇಕು. ದತ್ತಾಂಶ ಮರಳಿಸುವ ಪರಿಣತರ ಬಳಿಗೆ ಒಯ್ಯುವಾಗ, ಕೆಟ್ಟ ಫೈಲಿನ ಜೊತೆಗೆ ಅದೇ ಕ್ಯಾಮೆರಾದಲ್ಲಿ, ಅದೇ ಸೆಟ್ಟಿಂಗಿನಲ್ಲಿ ತೆಗೆದ ಸರಿಯಾದ ಇನ್ನೊಂದು ಫೈಲನ್ನೂ ಕೊಡಬೇಕು. ಆ ಸರಿಯಾದ ಫೈಲನ್ನು ಮಾದರಿಯಾಗಿಟ್ಟುಕೊಂಡು ಕಳೆದುಹೋದ ಅನುಕ್ರಮಣಿಕೆಯನ್ನು ಮತ್ತೆ ಕಟ್ಟುವ ಸಾಧನಗಳಿವೆ. ಮಾದರಿಯಿಲ್ಲದಿದ್ದರೆ ಅವುಗಳಿಂದ ಹೆಚ್ಚೇನೂ ಆಗುವುದಿಲ್ಲ. ಐದು ಸೆಕೆಂಡಿನ ಫೈಲಾದರೂ ಸಾಕು.